ಹೂವಿನ ಮಡಿಗೆ ಬೆಂಕಿ ಇಟ್ಟವರು ಅವರಲ್ಲ

ನಾನು ನಿಂತಿದ್ದು ಎಂಟನೇ ತರಗತಿಯ ಮುಂದಿನ ಜಗಲಿಯಲ್ಲಿ, ಬಾಗಿಲಿನಿಂದ ಎಣಿಸಿದರೆ ಎರಡನೇ ಕಂಬದ ಎಡಕ್ಕೆ. ಡಿಸೆಂಬರ್ ತಿಂಗಳು, ಶುಕ್ರವಾರ, ಶಾಲೆಯ ವಾರ್ಷಿಕೋತ್ಸವದ ಹಿಂದಿನ ದಿನ. ಬೆಳಗ್ಗೆ ಒಂಬತ್ತಕ್ಕೆ ಇನ್ನೂ ಐದಾರು ನಿಮಿಷ ಇತ್ತು. ಮೊದಲ ಗಂಟೆ ಹೊಡೆದಿರಲಿಲ್ಲ. ನನ್ನ ಕೈಯಲ್ಲಿ ಹಾಜರಿ ಪುಸ್ತಕವಿತ್ತು. ನನಗೂ ಹೂವಿನ ಮಡಿಗೂ ನಡುವೆ ಹದಿನಾಲ್ಕು ಹೆಜ್ಜೆ. ಇದನ್ನು ಆಮೇಲೆ ಒಂದು ಭಾನುವಾರ ಹೋಗಿ ಅಳೆದು ನೋಡಿದ್ದೇನೆ. ನಡುವೆ ಗಿಡವಿಲ್ಲ, ಗೋಡೆಯಿಲ್ಲ. ಮಂಜು ಅಷ್ಟು ಹೊತ್ತಿಗೆ ಕರಗಿತ್ತು.

ಇಷ್ಟನ್ನು ಮೊದಲೇ ಬರೆಯಲು ಕಾರಣವಿದೆ. ಅವತ್ತೇ ಮಧ್ಯಾಹ್ನ ಒಂದು ಕಾಗದದ ಮೇಲೆ ಇದಕ್ಕೆ ವಿರುದ್ಧವಾದದ್ದನ್ನು ಬರೆದು ನಾನು ಸಹಿ ಹಾಕಿದ್ದೇನೆ.

ನಮ್ಮದು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಪ್ರೌಢಶಾಲೆ. ಊರಿನ ಆಡಳಿತ ಮಂಡಳಿ ನಡೆಸುವಂಥದ್ದು. ಬೆಂಕಿ ಇಟ್ಟರೆಂಬ ಅಪವಾದ ಹೊತ್ತವರು ಅಲ್ಲಿ ಆಯಾ ಆಗಿದ್ದರು. ಕಸ ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು ಅವರ ಕೆಲಸ. ಹೂವಿನ ತೋಟ ಅವರ ಕೆಲಸವಾಗಿರಲಿಲ್ಲ. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಮಕ್ಕಳು ಆಯಮ್ಮ ಅನ್ನುತ್ತಿದ್ದರು, ನಾನು ಅಕ್ಕ ಅನ್ನುತ್ತಿದ್ದೆ. ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಮಗಳು, "ಅವ್ವನ ಎಸ್ರು ಈಗ್ಲೇ ಬೇಕಾದಷ್ಟು ಬಾಯಿಗೆ ಬಿದ್ದದೆ, ಪುಸ್ತಕಕ್ಕೂ ಬೇಡ ಮೇಷ್ಟ್ರೇ," ಅಂದಿದ್ದಾಳೆ.

ಅವರು ಹುಟ್ಟಿದ್ದು ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಕಡೆ, ನಾಲೆ ನೀರಿನ ಊರಿನಲ್ಲಿ. ಮದುವೆಯಾಗಿ ಬಂದದ್ದು ಹೊಗೆಸೊಪ್ಪಿನ ನೆಲಕ್ಕೆ. ಬಂದ ಮೊದಲ ಹತ್ತು ವರ್ಷ ಬೇರೆಯವರ ಹೊಗೆಸೊಪ್ಪಿನ ಸಸಿ ಮಡಿಗಳಲ್ಲಿ ಕೂಲಿ, ಆಮೇಲೆ ಎಲೆ ಬೇಯಿಸುವ ಬ್ಯಾರನ್ನುಗಳಲ್ಲಿ ಕೂಲಿ. ಮಡಿ ಅವರಿಗೆ ಕೈಚಳಕ ಕೊಟ್ಟಿತು, ಬ್ಯಾರನ್ನು ಕೆಮ್ಮು ಕೊಟ್ಟಿತು. ಹೊಗೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಶಾಲೆಯ ಅಡಿಗೆ ಕೋಣೆಯಲ್ಲಿ ಗ್ಯಾಸ್ ಬರುವ ಮೊದಲು, ಒಲೆ ಹೊತ್ತಿಸುವ ಹೊತ್ತಿಗೆ ಅವರು ಮೈದಾನದ ಆಚೆ ತುದಿಗೆ ಹೋಗಿ ನಿಂತಿರುತ್ತಿದ್ದರು. ಮಾಗಿಯಲ್ಲಿ ಊರಿಗೆ ಊರೇ ಬೀದಿಯಲ್ಲಿ ಬೆಂಕಿ ಹಾಕಿಕೊಂಡು ಕೈ ಕಾಯಿಸುವಾಗ, ಈಕೆ ಸೆರಗನ್ನು ಮೂಗಿಗೆ ಹಿಡಿದು ದೂರದಿಂದ ಹಾದು ಹೋಗುತ್ತಿದ್ದರು. ಇದು ಇಡೀ ಊರಿಗೆ ಗೊತ್ತಿತ್ತು. ನೆನಪಿಟ್ಟುಕೊಳ್ಳಬೇಕಾದ ಮಾತು ಇದು. ಊರು ನೆನಪಿಟ್ಟುಕೊಳ್ಳಲಿಲ್ಲ.

ಅವರು ಹೂವಿನ ಬೀಜ ಹಾಕುತ್ತಿದ್ದುದು ಚಳಿಗಾಲದಲ್ಲಿ, ಬಯಲಿನಲ್ಲಿ. ಕಾರ್ತಿಕದ ಮಳೆ ಪೂರಾ ನಿಲ್ಲುವ ತನಕ ಕಾಯುತ್ತಿದ್ದರು. ಬೆಳಗ್ಗೆ ಧ್ವಜ ಕಂಬದ ಕಬ್ಬಿಣ ಮುಟ್ಟಿ ನೋಡಿ, ಅದು ಕೈ ಕಚ್ಚುವಷ್ಟು ತಣ್ಣಗಿದ್ದರೆ, "ಈಗ ಹಾಕ್ಬೋದು" ಅನ್ನುತ್ತಿದ್ದರು. ನಾನು ಮೊದಲ ವರ್ಷ, "ಚಳೀಲಿ ಬೀಜ ಮೊಳೀತದಾ ಅಕ್ಕಾ? ಒಳಗೆ ಇಡ್ಬಾರ್ದಾ?" ಅಂದಿದ್ದೆ.

"ಮಳೇಲಿ ಆಕಿದ್ರೆ ಬುಡ ಕೊಳೀತದೆ, ಬೇಸ್ಗೇಲಿ ಆಕಿದ್ರೆ ಸುಟ್ಟೋಯ್ತದೆ. ಚಳೀಲಿ ಒಸಿ ತಡ ಆಯ್ತದೆ, ಅಷ್ಟೇ. ತಡವಾಗಿ ಎದ್ದೋಳು ಗಟ್ಟಿಯಾಗಿರ್ತಾಳೆ ಕಣ್ರೀ ಮೇಷ್ಟ್ರೇ. ನಿಮ್ಮ ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನವರ ಹಂಗೆ," ಅಂದರು.

ಪೆಟೂನಿಯಾ ಬೀಜ ನೋಡಿದವರಿಗೆ ಗೊತ್ತು, ಅದು ಧೂಳು. ಊದಿದರೆ ಹೋಯಿತು. ಅದನ್ನು ಕೈಯಿಂದ ಬಿತ್ತಲು ಹೋದ ನಮ್ಮ ವಿಜ್ಞಾನದ ಮೇಡಂಗೆ ಒಂದೇ ಕಡೆ ಗೊಂಚಲು ಗೊಂಚಲಾಗಿ ಎದ್ದು ಉಳಿದ ಕಡೆ ಬೋಳಾಯಿತು. ಈಕೆ ಬಾಗಿ ನೋಡಿ, "ಒಂದ್ಕಡೆ ಸಂತೆ, ಇನ್ನೊಂದ್ಕಡೆ ಸುಡುಗಾಡು," ಅಂದು ನಕ್ಕರು. ಅವರು ಮಾಡುತ್ತಿದ್ದುದು ಹೊಗೆಸೊಪ್ಪಿನ ಮಡಿಯವರ ಕ್ರಮ. ಬೀಜವನ್ನು ನೀರಿಗೆ ಹಾಕಿ, ಮೂತಿಗೆ ಜಲ್ಲಡಿ ಇರುವ ಡಬ್ಬದಲ್ಲಿ ತುಂಬಿ, ಕಲಕುತ್ತಾ ಕಲಕುತ್ತಾ ಮಡಿಯ ಮೇಲೆ ಮಳೆಯ ಹಾಗೆ ಸುರಿಸುವುದು. ಆ ಡಬ್ಬಕ್ಕೆ ಅವರೆಲ್ಲ ರೋಸ್ ಕ್ಯಾನ್ ಅನ್ನುತ್ತಾರೆ. ಮಡಿಯ ಉದ್ದಕ್ಕೆ ಒಂದು ಸಲ ಹೋಗಿ, ಒಂದು ಸಲ ಬರುವುದು. ನಿಲ್ಲುವ ಹಾಗಿಲ್ಲ. ನಿಂತ ಕಡೆ ಸಂತೆ. ಆ ಎರಡು ನಿಮಿಷ ಅವರು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಒಮ್ಮೆ ಹೆಡ್‌ಮಾಸ್ಟರು ಮೂರು ಸಲ ಕೂಗಿದರು. ಈಕೆ ತುದಿ ಮುಟ್ಟಿ, ಡಬ್ಬ ಇಳಿಸಿ, ಆಮೇಲೆ "ಏನ್ಸಾ?" ಅಂದರು.

"ಪೆಟೂನಿಯಾ ಹೊಗೆಸೊಪ್ಪಿನ ತಂಗಿ," ಎಂದು ಅವರೇ ನನಗೆ ಹೇಳಿದ್ದು. ಎಲೆ ಮುಟ್ಟಿಸಿ, "ಅದೇ ಅಂಟು, ನೋಡಿ," ಅಂದರು. ವಿಜ್ಞಾನದ ಮೇಡಂ ಪುಸ್ತಕ ತೆಗೆದು ನೋಡಿ ಹೌದು, ಎರಡೂ ಒಂದೇ ಕುಟುಂಬ ಅಂದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಪುಸ್ತಕದೋರಿಗೂ ಅಂಟಿರ್ಬೇಕು," ಅಂದರು.

ಬೀಜಗಳನ್ನು ಖಾಲಿ ಸುಣ್ಣದ ಡಬ್ಬಿಗಳಲ್ಲಿ, ಬೂದಿ ಬೆರೆಸಿ ಇಡುತ್ತಿದ್ದರು. ಓದು ಬರಹ ಇರಲಿಲ್ಲ. ಯಾವ ಡಬ್ಬಿಯಲ್ಲಿ ಯಾವ ಬಣ್ಣ ಎಂದು ತಿಳಿಯಲು ಡಬ್ಬಿಯ ಕುತ್ತಿಗೆಗೆ ಆ ಬಣ್ಣದ ದಾರ ಸುತ್ತುತ್ತಿದ್ದರು. ಆಸ್ಟರ್ ಹೂವಿಗೆ ನಾಲ್ಕು ಬಣ್ಣದ ದಾರ. ಆಸ್ಟರ್ ಬೀಜಕ್ಕೆ ಆಯುಸ್ಸು ಕಡಿಮೆ. ವರ್ಷ ದಾಟಿದರೆ ಹೆಚ್ಚು ಮೊಳೆಯುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಇದ್ದಷ್ಟನ್ನೂ ಹಾಕಿ, ಪ್ರತಿ ವರ್ಷ ಹೊಸದಾಗಿ ಬೀಜ ಹಿಡಿಯಬೇಕು. ಅವರು ಹದಿನಾರು ಚಳಿಗಾಲ ಹೀಗೆ ಹಿಡಿದಿದ್ದರು. ಡಿಸೆಂಬರ್ ಮೊದಲಲ್ಲಿ ಹಾಕಿದ ಆಸ್ಟರ್ ಫೆಬ್ರವರಿ ಕೊನೆಗೆ, ಹತ್ತನೇ ತರಗತಿಯವರ ಬೀಳ್ಕೊಡುಗೆಗೆ ಸರಿಯಾಗಿ ಬಿಡುತ್ತಿತ್ತು. ಅವತ್ತು ಗೇಟಿನಲ್ಲಿ ನಿಂತು ಪ್ರತಿ ಮಗುವಿನ ಕೈಗೂ ಒಂದೊಂದು ಹೂ. "ಫೇಲಾದ್ರೂ ಊವು ಕೊಟ್ಟಿದ್ದು ವಾಪಸ್ ಇಸ್ಕಳಕಿಲ್ಲ, ಎದ್ರಬೇಡಿ ಕಣ್ರಲಾ," ಅನ್ನುತ್ತಿದ್ದರು.

ಬೀಜ ಹಾಕಿದ ಮೇಲಿನ ಕ್ರಮವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆದ ಅನ್ಯಾಯ ಅದರಲ್ಲೇ ಇದೆ. ಮಡಿಯ ಮೇಲೆ ತೆಳ್ಳಗೆ ಹುಲ್ಲು ಹೊದಿಸಬೇಕು, ಬಿಸಿಲಿಗೆ ಮೇಲ್ಮಣ್ಣು ಒಣಗದಿರಲು. ಸಂಜೆ ಆ ಹುಲ್ಲನ್ನು ತೆಗೆಯಬೇಕು, ರಾತ್ರಿ ಇಬ್ಬನಿ ಬೀಳಲು. "ಇಬ್ಬನಿ ಕುಡಿಸ್ಬೇಕು," ಅನ್ನುತ್ತಿದ್ದರು, ಮಗುವಿಗೆ ಹಾಲು ಕುಡಿಸಬೇಕು ಎಂಬ ಹಾಗೆ. ತೆಗೆದ ಹುಲ್ಲು ನೆನೆಯದಿರಲೆಂದು ಸೂರಿನ ಕೆಳಗೆ ಇಡುತ್ತಿದ್ದರು. ಬೆಳಗ್ಗೆ ಬಿಸಿಲು ಮಡಿಗೆ ತಾಗುವ ಹೊತ್ತಿಗೆ ಆ ಒಣ ಹುಲ್ಲನ್ನು ಮತ್ತೆ ಹೊದಿಸಿ, ಬೋರಿನಿಂದ ನೀರು ತಂದು, ಹುಲ್ಲಿನ ಮೇಲೇ ಚಿಮುಕಿಸುವುದು. ಹೊದಿಸುವುದಕ್ಕೂ ನೀರು ತರುವುದಕ್ಕೂ ನಡುವೆ ಸುಮಾರು ಹತ್ತು ನಿಮಿಷ. ಆ ಹತ್ತು ನಿಮಿಷ ಮಾತ್ರ ಮಡಿ ಒಣಗಿದ ಹುಲ್ಲಿನ ಹಾಸಿನ ಹಾಗೆ ಕಾಣುತ್ತಿತ್ತು.

ಹೊಗೆಸೊಪ್ಪು ಬೆಳೆಯುವವರಿಗೆ ಮಡಿಯ ಮೇಲಿನ ಒಣ ಹುಲ್ಲಿಗೆ ಇನ್ನೊಂದು ಅರ್ಥವಿದೆ. ಅವರು ಬೀಜ ಹಾಕುವ ಮೊದಲು ಮಡಿಯ ಮೇಲೆ ಹುಲ್ಲು, ತರಗು ಹರಡಿ ಸುಡುತ್ತಾರೆ. ಕಳೆ, ಹುಳ ಸಾಯಲೆಂದು. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಎರಡು ಬ್ಯಾರನ್ನಿನ ಒಡೆಯರು. ಮೂವತ್ತು ವರ್ಷ ಮಡಿ ಸುಟ್ಟವರು.

ಆ ಶುಕ್ರವಾರ ಅಧ್ಯಕ್ಷರು ಬೇಗನೆ ಬಂದಿದ್ದರು. ಮಾರನೆಯ ದಿನ ದೊಡ್ಡ ಅತಿಥಿಗಳು ಬರುವವರಿದ್ದರು. ಶಾಮಿಯಾನದ ಕಂಬಗಳು ಎದ್ದಿದ್ದವು, ಅತಿಥಿಗಳು ಕೈ ಮುಗಿದು ನಿಂತಿರುವ ಆಳೆತ್ತರದ ಫ್ಲೆಕ್ಸನ್ನು ಮಡಿಗೆ ಹತ್ತಿರದ ಕಂಬಕ್ಕೆ ಕಟ್ಟಿಯಾಗಿತ್ತು. ದೈಹಿಕ ಶಿಕ್ಷಕ ಪುಟ್ಟಸ್ವಾಮಿ ಮೈದಾನದ ತರಗು, ಕಾಗದ ಗುಡಿಸಿ ಒಂದು ಗೋಣಿತಾಟಿನಲ್ಲಿ ಎಳೆದು ತಂದು, "ಇದ್ನ ಎಲ್ಲಿ ಹಾಕ್ಲಿ ಸಾರ್?" ಅಂದರು.

ಅಧ್ಯಕ್ಷರು ಸುತ್ತ ನೋಡಿದರು. ಮಡಿ ಕಂಡಿತು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. "ಅಗೋ, ಆಯಮ್ಮ ಮಡಿ ಸುಡಕ್ಕೆ ಉಲ್ಲು ಆಸವ್ಳೆ. ಅದ್ರ ಮ್ಯಾಕೇ ಸುರೀರಿ. ಕಸನೂ ಓಯ್ತದೆ, ಮಡಿನೂ ಅದವಾಯ್ತದೆ. ಒಂದೇ ಕಡ್ಡೀಲಿ ಎರಡು ಕೆಲ್ಸ."

ಪುಟ್ಟಸ್ವಾಮಿ ಸುರಿದರು. ಅಧ್ಯಕ್ಷರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ತಾವೇ ಕಡ್ಡಿ ಗೀರಿ, ಬಗ್ಗದೆ, ಮೇಲಿನಿಂದಲೇ ಹಾಕಿದರು.

ಬಗ್ಗಿದ್ದರೆ ಸಾಕಿತ್ತು. ಒಂದು ಹಿಡಿ ಹುಲ್ಲು ಸರಿಸಿದ್ದರೆ ಹಸಿರು ಕಾಣುತ್ತಿತ್ತು. ಆಸ್ಟರ್, ಪೆಟೂನಿಯಾ ಬೀಜ ಹಾಕಿ ಹದಿಮೂರನೇ ದಿನ. ಗುಂಡುಸೂಜಿ ತಲೆಯಷ್ಟು ಎರಡೆರಡು ಎಲೆ ಎದ್ದಿದ್ದವು. ನನಗೆ ಗೊತ್ತಿತ್ತು, ಹಿಂದಿನ ಸಂಜೆ ಅಕ್ಕ ಕರೆದು ತೋರಿಸಿದ್ದರು. ನಾನೂ ಕೂಗಿದ್ದರೆ ಸಾಕಿತ್ತು. ಹದಿನಾಲ್ಕು ಹೆಜ್ಜೆ. ಕಡ್ಡಿ ಗೀರುವ ಮುನ್ನ ಅಧ್ಯಕ್ಷರು ಆಡಿದ ಮಾತು ಮುಗಿಯುವಷ್ಟು ಹೊತ್ತು ನನಗಿತ್ತು. ಅಧ್ಯಕ್ಷರಿಗೆ ತಪ್ಪು ಹೇಳುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದೆ. ಯೋಚನೆ ಮುಗಿಯುವ ಮೊದಲು ಹೊತ್ತಿಕೊಂಡಿತು.

ಇಲ್ಲಿಯವರೆಗೆ ಆದದ್ದು ತಪ್ಪು. ನಾನು ಅದನ್ನು ತಪ್ಪು ಅಂತಲೇ ಕರೆಯುತ್ತೇನೆ. ಅಧ್ಯಕ್ಷರಿಗೆ ಆ ಮಡಿಯ ಮೇಲೆ ದ್ವೇಷವಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೇ ಕಡ್ಡಿ ಗೀರಿದರು. ಒಂದು ಮಾತು, "ನನಗೆ ಗೊತ್ತಾಗಲಿಲ್ಲ ಕಣಮ್ಮ" ಅಂದಿದ್ದರೆ ಆಕೆ ನಾಲ್ಕು ದಿನ ಮಾತು ಬಿಟ್ಟು ಐದನೇ ದಿನ ಬೇರೆ ಬೀಜ ಹುಡುಕುತ್ತಿದ್ದರು. ಆದರೆ ಗಾಳಿ ತಿರುಗಿತು. ಉರಿಯುವ ಹುಲ್ಲು ಎದ್ದು ಫ್ಲೆಕ್ಸಿಗೆ ತಾಗಿತು. ಚಿತ್ರದಲ್ಲಿ ಅತಿಥಿಗಳ ಪಂಚೆಯಿಂದ ಎದೆಯವರೆಗೆ ಸುಟ್ಟು, ಮುಗಿದ ಕೈಯ ಬೆರಳ ತುದಿ ಮತ್ತು ಮುಖ ಉಳಿಯಿತು. ಶಾಮಿಯಾನದ ಒಂದು ಅಂಚಿಗೂ ತೂತು ಬಿತ್ತು.

ಆಗಲೇ ಅಕ್ಕ ಬೋರಿನ ಕಡೆಯಿಂದ ಮೂಲೆ ತಿರುಗಿ ಬಂದದ್ದು, ಕೈಯಲ್ಲಿ ರೋಸ್ ಕ್ಯಾನು. ಡಬ್ಬದ ನೀರನ್ನು ಮಡಿಯ ಮೇಲೆ ಸುರಿದರು. ಫ್ಲೆಕ್ಸಿನ ಮೇಲಲ್ಲ, ಮಡಿಯ ಮೇಲೆ. ಆಮೇಲೆ ಕೆಮ್ಮು ಬಂದು ಅಲ್ಲೇ ಕುಳಿತುಬಿಟ್ಟರು. ಕುಳಿತು ಕರಿ ಬೂದಿಯಲ್ಲಿ ಬೆರಳಾಡಿಸಿದರು.

ಫ್ಲೆಕ್ಸ್ ಸುಟ್ಟದ್ದು ಹತ್ತು ಗಂಟೆಗೆ ಊರೆಲ್ಲ ಗೊತ್ತಾಯಿತು. ಅತಿಥಿಗಳ ಕಡೆಯವರು ಫೋನು ಮಾಡಿದರು. ಯಾರು ಸುಟ್ಟದ್ದು ಎಂಬ ಪ್ರಶ್ನೆಗೆ ಉತ್ತರ ಬೇಕಾಯಿತು. ಉತ್ತರ ಹನ್ನೆರಡು ಗಂಟೆಗೆ ಸಿದ್ಧವಾಯಿತು: ಆಯಾ ಚಳಿ ಕಾಯಿಸಿಕೊಳ್ಳಲು ಬೆಂಕಿ ಹಾಕಿ, ನೋಡಿಕೊಳ್ಳದೆ ನೀರಿಗೆ ಹೋಗಿದ್ದಳು.

ಚಳಿ ಕಾಯಿಸಿಕೊಳ್ಳಲು! ಒಲೆಯ ಹೊಗೆಗೆ ಹೆದರಿ ಮೈದಾನ ದಾಟಿ ಹೋಗುತ್ತಿದ್ದ ಹೆಂಗಸು! ಈ ವಾಕ್ಯವನ್ನು ಬರೆದ ಕೈ ಹೆಡ್‌ಮಾಸ್ಟರದು. ಅವರು ಈಗಿಲ್ಲ, ಹೆಚ್ಚು ಹೇಳುವುದಿಲ್ಲ. ಬರೆಯುವಾಗ ಅವರಿಗೂ ಅದು ಸುಳ್ಳೆಂದು ಗೊತ್ತಿತ್ತು, ಅಷ್ಟು ಮಾತ್ರ ಹೇಳುತ್ತೇನೆ.

ಆಫೀಸ್ ರೂಮಿನಲ್ಲಿ ನಮ್ಮನ್ನೆಲ್ಲ ಕೂರಿಸಿದರು. ಅಕ್ಕ ಬಾಗಿಲ ಬಳಿ ನಿಂತಿದ್ದರು. ಕುರ್ಚಿ ಇರಲಿಲ್ಲ ಎಂದಲ್ಲ, ಯಾರೂ ಕೂರು ಅನ್ನಲಿಲ್ಲ. ಶಾಮಿಯಾನದ ಮುನೀರ್, ಹುಣಸೂರಿನವರು, ಕಂಬದ ಮೇಲೆ ಹಗ್ಗ ಬಿಗಿಯುತ್ತಾ ಎಲ್ಲವನ್ನೂ ಮೇಲಿನಿಂದ ನೋಡಿದ್ದವರು, ಯಾರೂ ಕರೆಯದೆ ಒಳಗೆ ಬಂದರು.

"ಸಾರ್, ಆ ಯಮ್ಮ ಬೆಂಕಿ ಹಾಕಿಲ್ಲ. ಅಧ್ಯಕ್ಷರು ಹಾಕಿದ್ದು. ಬೇಕಂತ ಅಲ್ಲ, ಆದ್ರೆ ಅವ್ರೇ ಹಾಕಿದ್ದು. ನಾನು ಮೇಲಿಂದ ನೋಡಿದ್ದೀನಿ."

ಅಧ್ಯಕ್ಷರು ತಲೆ ಎತ್ತಲಿಲ್ಲ. "ಶಾಮಿಯಾನ ಆಕಕ್ಕೆ ಬಂದೋನು ಶಾಮಿಯಾನ ನೋಡ್ಕೋ. ಸ್ಕೂಲಿನ್ ಇಚಾರ ನಿನ್ಗ್ಯಾಕೆ?"

"ಸುಟ್ಟಿದ್ದು ನಂದೂ ಬಟ್ಟೆ ಸಾರ್. ನಂಗೆ ಬಟ್ಟೆ ಹೋದ್ರೂ ಚಿಂತಿಲ್ಲ, ಸುಳ್ಳು ಮಾತ್ರ ಬೇಡ."

"ನಿಮ್ ಊರಲ್ಲಿ ಏಳ್ಕೋ ಓಗು."

ಮುನೀರ್ ನಮ್ಮ ಕಡೆ ನೋಡಿದರು. ಒಬ್ಬೊಬ್ಬರನ್ನೂ. ನನ್ನನ್ನೂ. ಆಮೇಲೆ ಹೋದರು.

ಹೆಡ್‌ಮಾಸ್ಟರು ಅಕ್ಕನನ್ನು ಕೇಳಿದರು: "ನೀನು ಹಾಕಿಲ್ಲ ಅನ್ನೋದಕ್ಕೆ ನಮ್ಮ ಸ್ಟಾಫಿನವರು ಯಾರಾದ್ರೂ ಸಾಕ್ಷಿ ಇದ್ದಾರಾ?"

ಅವರು, "ಇಲ್ಲ ಸಾ," ಅಂದರು.

ಕಾಗದ ಕೈಯಿಂದ ಕೈಗೆ ಬಂತು. ನಾನು "ಘಟನೆಯ ಸಮಯದಲ್ಲಿ ನಾನು ಸ್ಟಾಫ್ ರೂಮಿನಲ್ಲಿದ್ದೆ, ನೋಡಿರುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ಆಕೆಯೇ ಹಾಕಿದಳು ಎಂದು ಬರೆಯಲಿಲ್ಲವಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಅಂಥ ಸಮಾಧಾನಕ್ಕೆ ನಾಚಿಕೆಯಾಗಬೇಕು. ಸುಳ್ಳು ಹೇಳಿದವರು ಇಬ್ಬರೋ ಮೂವರೋ. ನಾವು ಒಂಬತ್ತು ಜನ ಸೇರಿ ಅದಕ್ಕೆ ಜಾಗ ಮಾಡಿಕೊಟ್ಟೆವು.

ಅವರನ್ನು ತೆಗೆಯಲು ಕಷ್ಟವಾಗಲಿಲ್ಲ. ನೇಮಕ ತಾತ್ಕಾಲಿಕ ಅಂದರು. ಹದಿನಾರು ವರ್ಷದ ತಾತ್ಕಾಲಿಕ!

ಮಾರನೆಯ ದಿನ ಮೈಸೂರಿನಿಂದ ಬಾಡಿಗೆ ಹೂಕುಂಡಗಳು ಬಂದವು. ಸುಟ್ಟ ಮಡಿ ಕಾಣಬಾರದೆಂದು ಅದರ ಮೇಲೇ ಸಾಲಾಗಿ ಇಟ್ಟರು. ಅವೂ ಪೆಟೂನಿಯಾ. ಅತಿಥಿಗಳು ಭಾಷಣದಲ್ಲಿ ಆ ಕಡೆ ಕೈ ತೋರಿಸಿ, "ಹಳ್ಳಿ ಶಾಲೆಯಲ್ಲಿ ಎಂಥ ಚೆಂದದ ತೋಟ ಬೆಳೆಸಿದ್ದೀರಿ!" ಅಂದರು. ನಾವು ಚಪ್ಪಾಳೆ ತಟ್ಟಿದೆವು. ಸಂಜೆ ಕುಂಡಗಳು ಅದೇ ಟೆಂಪೋದಲ್ಲಿ ವಾಪಸ್ ಹೋದವು. ಆ ಫೆಬ್ರವರಿಯಲ್ಲಿ ಗೇಟಿನ ಬಳಿ ಹೂವಿರಲಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಪ್ಲಾಸ್ಟಿಕ್ ಪೆನ್ನು ಕೊಟ್ಟೆವು.

ಎರಡು ವರ್ಷದ ಮೇಲೆ ಬಿಳಿಕೆರೆಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಮಗಳ ಮನೆಯಿಂದ ಬರುತ್ತಿದ್ದರು. ಮಡಿಲಲ್ಲಿ ಒಂದು ಗಂಟು. ನನ್ನನ್ನು ನೋಡಿ ಮುಖ ತಿರುಗಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ಚೆಂದಾಗಿದೀರಾ ಮೇಷ್ಟ್ರೇ? ಯಾಕೆ ಇಂಗೆ ಸಣ್ಣಗಾಗಿದೀರಿ, ಮನೇಲಿ ಮುದ್ದೆ ಮಾಡಕಿಲ್ವಾ?"

ಮನೆಯಲ್ಲಿ ಮತ್ತೆ ಹೂ ಹಾಕಿದ್ದೀರಾ ಅಂದೆ. ಚೆಂಡು ಹೂ, ಜೀನಿಯಾ ಹಾಕಿದ್ದೇನೆ ಅಂದರು. "ಆಸ್ಟರ್ ಸಿಗ್ನಿಲ್ಲ. ಅಂಗಡಿ ಬೀಜ ಆಕ್ದೆ, ಎದ್ವು. ಆ ನೀಲಿ ಬರ್ನಿಲ್ಲ."

ಬಸ್ಸು ಬರುವ ಮೊದಲು ಹೇಳಬೇಕೆಂದು, "ಅಕ್ಕಾ, ಅವತ್ತು ನಾನು…" ಎಂದು ಶುರು ಮಾಡಿದೆ.

"ನೀವು ಕಂಡ್ರಿ. ನಂಗೊತ್ತು," ಅಂದರು. "ಮೂಲೆ ತಿರುಗ್ದಾಗ ಮೊದ್ಲು ಕಂಡಿದ್ದು ನೀವೇಯ. ಕಂಬದ ಪಕ್ಕ. ಆಮೇಕೆ ಬೆಂಕಿ ಕಂಡೆ."

"ಮತ್ತೆ ಆಫೀಸ್ನಲ್ಲಿ ಯಾಕೆ ನನ್ನ ಹೆಸರು ಹೇಳಲಿಲ್ಲ?"

ಅವರಿಗೆ ಮೊದಲ ಸಲ ಸಿಟ್ಟು ಬಂದದ್ದನ್ನು ನೋಡಿದೆ. ದನಿ ಏರಲಿಲ್ಲ, ಗಂಟನ್ನು ಬಿಗಿಯಾಗಿ ಹಿಡಿದರು. "ನಾನ್ಯಾಕೆ ಏಳ್ಲಿ? ಕಣ್ಣು ನಿಮ್ದು. ಬಾಯಿ ನಿಮ್ದು. ಅದ್ನೂ ನಾನೇ ತಗುದು ಕೊಡ್ಬೇಕಿತ್ತಾ?"

ಪಿರಿಯಾಪಟ್ಟಣದ ಬಸ್ಸು ಬಂತು. ಹತ್ತಿದರು. ಕಿಟಕಿಯಿಂದ ನೋಡಲಿಲ್ಲ. ಆಮೇಲೂ ನಾನು ಐದು ವರ್ಷ ಸುಮ್ಮನಿದ್ದೆ.

ಕಳೆದ ತಿಂಗಳು ಅಕ್ಕ ತೀರಿಹೋದರು. ಹನ್ನೊಂದನೇ ದಿನದ ಊಟಕ್ಕೆ ಹೋಗಿದ್ದೆ. ಪಕ್ಕದ ಎಲೆಯಲ್ಲಿ ಕುಳಿತಿದ್ದವನು, ದೂರದ ನೆಂಟ, ಪಾಯಸ ಹೀರುತ್ತಾ ತನ್ನ ಪಕ್ಕದವನಿಗೆ, "ಇವ್ಳೇ ಕಣ್ಲಾ, ಸ್ಕೂಲ್ಗೆ ಬೆಂಕಿ ಇಟ್ಟಿದ್ದೋಳು," ಅಂದ. ತಮಾಷೆಗೆ ಅಂದದ್ದು, ಕೆಟ್ಟ ಮನಸ್ಸಿನಿಂದಲ್ಲ. ಮಡಿಗೆ ಬೆಂಕಿ ಬಿದ್ದದ್ದು ಇಷ್ಟು ವರ್ಷಗಳಲ್ಲಿ ಶಾಲೆಗೆ ಬೆಂಕಿ ಬಿದ್ದದ್ದಾಗಿತ್ತು. ಬಡಿಸುತ್ತಿದ್ದ ಮಗಳಿಗೆ ಕೇಳಿಸಿತು. ಸೌಟು ಹಿಡಿದುಕೊಂಡೇ ನನ್ನ ಮುಂದೆ ಬಂದು ನಿಂತಳು.

"ಮೇಷ್ಟ್ರೇ, ನೀವು ಅವತ್ತು ಅಲ್ಲಿದ್ರಂತಲ್ಲ. ಅವ್ವ ಏಳ್ತಿದ್ಲು. ಇವ್ರಿಗೆ ಒಂದು ಮಾತು ಏಳಿ."

ಹೇಳಿದೆ. ಎಲೆಯ ಮುಂದೆ ಕುಳಿತಲ್ಲೇ, ಮೇಲೆ ಬರೆದ ಕ್ರಮದಲ್ಲೇ, ಕಂಬದಿಂದ ಹಿಡಿದು. ಆ ನೆಂಟ, "ಅಂಗಾ? ಮತ್ತೆ ಇಷ್ಟ್ ದಿನ ಯಾಕ್ ಏಳ್ನಿಲ್ಲ ನೀವು?" ಅಂದ. ಸರಿಯಾದ ಪ್ರಶ್ನೆ.

ಒಂದು ಪಂಕ್ತಿಗೆ ಹೇಳಿದ್ದು ಸಾಲದು ಎಂದು ಇದನ್ನು ಬರೆಯುತ್ತಿದ್ದೇನೆ. ಸುಳ್ಳು ಕಾಗದದ ಮೇಲಿದೆ, ನಿಜವೂ ಕಾಗದದ ಮೇಲಿರಲಿ. ಬರೆಯುವ ಮೊದಲು ನೋಡಿದವರನ್ನೆಲ್ಲ ಕಂಡು ಬಂದೆ. ಪುಟ್ಟಸ್ವಾಮಿ ನಿವೃತ್ತರಾಗಿ ಎಚ್.ಡಿ. ಕೋಟೆಯಲ್ಲಿದ್ದಾರೆ. "ತರಗು ಸುರಿದೋನು ನಾನೇ. ಬರ್ಕೊಳ್ಳಿ," ಎಂದಷ್ಟೇ ಅಂದು ಒಳಗೆ ಹೋದರು. ಅಧ್ಯಕ್ಷರು ಇದ್ದಾರೆ. ಕಿವಿ ಮಂದ, ನೆನಪು ಮಂದವಲ್ಲ. ವಿಷಯ ಎತ್ತಿದ ಕೂಡಲೇ ಕಾಫಿ ಕುಡಿಯಿರಿ ಅಂದರು. ನಾನು ಕುಡಿಯಲಿಲ್ಲ. ಮುನೀರ್ ಹುಣಸೂರಿನ ತಮ್ಮ ಗೋದಾಮಿನಲ್ಲಿ ಬಟ್ಟೆ ಮಡಿಸುತ್ತಿದ್ದರು. ಹೆಸರು ಬರೆಯಬಹುದೇ ಅಂದೆ.

"ಬರೀರಿ ಸಾರ್. ಅವತ್ತೂ ಬಾಯ್ಬಿಟ್ಟು ಹೇಳಿದ್ದೆ, ಯಾರೂ ಬರ್ಕೊಳ್ಳಿಲ್ಲ."

ನೋಡಿದವರು ಇವರು: ಅಧ್ಯಕ್ಷರು, ಪುಟ್ಟಸ್ವಾಮಿ, ಮುನೀರ್, ಮತ್ತು ಆ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದ ನಾನು. ನಾಲ್ವರೂ ಬದುಕಿದ್ದೇವೆ.